ಪುಷ್ಪಕದ ಎಡ ರೆಕ್ಕೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಬರೀ ಶೇಷಪ್ಪ ಎಂದರೆ ಜನ ‘ಯಾವ ಶೇಷಪ್ಪ?’ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ವರ್ನಿಯರ್ ಶೇಷಪ್ಪ ಎಂದರೆ ಮಾತ್ರ ಕೈ ಹಿಡಿದು ಕ್ವಾರ್ಟರ್ಸಿನ ಬಾಗಿಲಿಗೇ ತಂದು ಬಿಡುತ್ತಿದ್ದರು. ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಅವರದು ಇನ್ಸ್‌ಪೆಕ್ಷನ್ ಕೆಲಸ. ಬೇರೆಯವರು ಕಡೆದು, ಕೊರೆದು, ಉಜ್ಜಿ ತಂದಿಟ್ಟ ಸಾಮಾನನ್ನು ವರ್ನಿಯರ್ ಎಂಬ ಸ್ಟೀಲಿನ ಅಳತೆಗೋಲಿನಿಂದ ಅಳೆಯುವುದು. ಸರಿಯಿದ್ದರೆ ಹಸಿರು ಚಾಕ್, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚಾಕ್. ಕೆಂಪು ಗೀಟು ಬಿದ್ದ ಮೇಲೆ ಫೋರ್‌ಮನ್ ಬಂದು ಗೋಗರೆದರೂ ಅಷ್ಟೇ, ಯೂನಿಯನ್ನಿನವರು ಬಂದು ಕೂಗಾಡಿದರೂ ಅಷ್ಟೇ. ‘ನಾನೇನ್ ಮಾಡ್ಲಿ ಮಾರಾಯ, ಅಳತೆ ಹೇಳ್ತಿದೆ’ ಎಂದು ಶೇಷಪ್ಪ ಮುಂದಿನ ಸಾಮಾನು ಎತ್ತಿಕೊಳ್ಳುತ್ತಿದ್ದರು.

ಈ ಚಾಳಿ ಕಾರ್ಖಾನೆಯ ಗೇಟಿನಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ವರ್ನಿಯರ್ ಅಂಗಿಯ ಜೇಬಿನಲ್ಲಿ ಕುಳಿತು ಮನೆಗೂ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೆಂಡತಿ ಹುಲಿಗೆಮ್ಮ ಬಡಿಸಿದ ರೊಟ್ಟಿಯ ದಪ್ಪ ಅಳೆದು, ‘ಈ ಕಡೆ ಒಂದು ಮಿಲಿಮೀಟರ್ ಜಾಸ್ತಿ ಬಂದಿದೆಯಲ್ಲ’ ಅಂದುಬಿಟ್ಟರಂತೆ. ‘ಇನ್ನೊಂದ್ಸಲ ಆ ಕಬ್ಬಿಣ ನನ್ನ ರೊಟ್ಟಿ ಹತ್ರ ಬಂದ್ರೆ, ಅದನ್ನೇ ಸುಟ್ಟು ತಟ್ಟೆಗೆ ಹಾಕ್ತೀನಿ’ ಎಂದರು ಹುಲಿಗೆಮ್ಮ. ಅವತ್ತಿನಿಂದ ಊಟದ ಹೊತ್ತಿನಲ್ಲಿ ವರ್ನಿಯರ್ ಕಿಟಕಿಯ ಮೇಲೆ.

ಇಂಥ ಮನುಷ್ಯನಿಗೆ ವಿಮಾನದ ಹುಚ್ಚು ಹಿಡಿಸಿದ್ದು ಗೋವಿಂದ. ಗೋವಿಂದ ಕ್ರೇನ್ ನಡೆಸುವವನು, ಮದರಾಸಿನ ಕಡೆಯವನು, ವರ್ಷಕ್ಕೊಮ್ಮೆ ಪೊಂಗಲ್‌ಗೆ ಊರಿಗೆ ಹೋಗಿ ಅಲ್ಲಿನ ಬರ್ಮಾ ಬಜಾರಿನಿಂದ ಏನಾದರೊಂದು ತರುತ್ತಿದ್ದ. ತೊಂಬತ್ತರಲ್ಲಿ ಅವನು ತಂದದ್ದು ಅಂಗೈಗಿಂತ ತುಸು ದೊಡ್ಡದಾದ ಒಂದು ಮಿಗ್ ವಿಮಾನ. ಲೋಹದ ಎರಕ, ಬಣ್ಣ ಬಳಿದು, ಚಕ್ರ ಕೂರಿಸಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದು. ಶೇಷಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಸ್ಟ್ಯಾಂಡಿನ ಕೆಳಗೆ ‘ಎಪ್ಪತ್ತೆರಡರಲ್ಲಿ ಒಂದು’ ಎಂಬ ಅರ್ಥದ ಅಂಕಿ ಇತ್ತು. ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲು. ಹಾಗಂತ ಹೇಳಿಕೊಂಡಿದ್ದಾರೆ, ಹೌದೋ ಅಲ್ಲವೋ? ಆ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ಶೇಷಪ್ಪನ ಕಥೆ ಮುಗಿಯಿತು. ಲೈಬ್ರರಿಗೆ ಹೋಗಿ ಅಸಲಿ ಮಿಗ್‌ನ ಉದ್ದಗಲ ಬರೆದುಕೊಂಡು ಬಂದರು, ಎಪ್ಪತ್ತೆರಡರಿಂದ ಭಾಗಿಸಿದರು, ವರ್ನಿಯರ್ ಹಿಡಿದರು. ಅರ್ಧ ಮಿಲಿಮೀಟರಿನೊಳಗೆ ಕೂತಿತ್ತು. ‘ಪರವಾಗಿಲ್ಲ ಕಣೋ ಗೋವಿಂದ, ಯಾರೋ ಮನಸ್ಸಿಟ್ಟು ಮಾಡಿದಾರೆ!’ ಎಂದು ಚಿಕ್ಕ ಮಗುವಿನಂತೆ ನಕ್ಕರು.

ಮುಂದಿನ ಹದಿಮೂರು ವರ್ಷದಲ್ಲಿ ಆ ಒಂದು ಇಪ್ಪತ್ತಾರಾಯಿತು. ಮದರಾಸಿನಿಂದ ಕೆಲವು, ಬೆಂಗಳೂರಿನ ವಿಮಾನ ಪ್ರದರ್ಶನದ ಮಳಿಗೆಗಳಿಂದ ಕೆಲವು. ಎಲ್ಲವೂ ಯುದ್ಧವಿಮಾನಗಳೇ, ಎಲ್ಲವೂ ಎಪ್ಪತ್ತೆರಡರ ಅಳತೆಯವೇ, ಎಲ್ಲವೂ ಕಟ್ಟಿ ಮುಗಿಸಿದ್ದೇ. ಬಿಡಿಭಾಗ ತಂದು ಅಂಟಿಸಿ ಕಟ್ಟುವ ಸೆಟ್ಟುಗಳೂ ಸಿಗುತ್ತವಲ್ಲ ಎಂದು ಯಾರಾದರೂ ಕೇಳಿದರೆ ಶೇಷಪ್ಪನಿಗೆ ಸಿಟ್ಟು ಬರುತ್ತಿತ್ತು. ‘ನಾನು ಕಟ್ಟಿ ನಾನೇ ಪಾಸ್ ಮಾಡ್ಕೊಂಡ್ರೆ ಅದೆಂಥಾ ಇನ್ಸ್‌ಪೆಕ್ಷನ್ನು? ಮಾಡೋರು ಬೇರೆ ಇರ್ಬೇಕು, ನೋಡೋರು ಬೇರೆ ಇರ್ಬೇಕು’ ಎನ್ನುತ್ತಿದ್ದರು.

ಬೇರೆಯವರ ಮನೆಯ ಶೋಕೇಸಿನಲ್ಲಿ ಗಾಜಿನ ಲೋಟ, ಮಕ್ಕಳು ಗೆದ್ದ ಕಪ್ಪು, ತಿರುಪತಿಯಿಂದ ತಂದ ಪಟ ಇರುತ್ತಿದ್ದವು. ಶೇಷಪ್ಪನ ಮುಂದಿನ ಕೋಣೆಯಲ್ಲಿ ಆ ಜಾಗ ಪೂರ್ತಿ ವಿಮಾನಗಳದ್ದು. ಒಂದೊಂದರ ಮುಂದೆ ಒಂದೊಂದು ಕಾರ್ಡು: ಹೆಸರು, ಇರಬೇಕಾದ ಅಳತೆ, ಇರುವ ಅಳತೆ, ಕೊನೆಗೆ ತೀರ್ಪು. ಪಾಸಾದವಕ್ಕೆ ಹಸಿರು ಪೆನ್ನು, ಮೇಲಿನ ಹಲಗೆ. ತಪ್ಪಿದವಕ್ಕೆ ಕೆಂಪು ಪೆನ್ನು, ಕಾಲಡಿಯ ಹಲಗೆ. ಅಲ್ಲಿ ಮೂಗು ಉದ್ದವಾದ ಒಂದು ಮಿರಾಜ್, ಬಾಲ ಸೊಟ್ಟಗಿದ್ದ ಒಂದು ಜಾಗ್ವಾರ್, ಇನ್ನೂ ಐದಾರು ತಪ್ಪಿತಸ್ಥರು ಧೂಳು ಕುಡಿಯುತ್ತ ನಿಂತಿದ್ದರು. ಗೋವಿಂದ ಬಲು ಪ್ರೀತಿಯಿಂದ ತಂದುಕೊಟ್ಟ ಎರಡನೇ ಮಿಗ್ ಕೂಡ ಅಲ್ಲೇ ಇತ್ತು.

ಭಾನುವಾರ ಬಂತೆಂದರೆ ಹಬ್ಬ. ತಿಂಡಿ ಮುಗಿಸಿ, ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಒಂದೇ ಜಾತಿಯ ಎರಡು ವಿಮಾನ ಅಕ್ಕಪಕ್ಕ ಇಟ್ಟು ಶೇಷಪ್ಪ, ಗೋವಿಂದ ಎದುರುಬದುರು ಕೂರುವರು. ಇದರ ಮೂಗು ನೋಡು, ಅದರ ಬಾಲ ನೋಡು, ಈ ಬೂದು ಬಣ್ಣ ಸರಿಯೋ ಆ ಬೂದು ಬಣ್ಣ ಸರಿಯೋ. ‘ನಾನು ತಂದ ಮಿಗ್ಗೇ ಚೆಂದ ಸಾಮಿ, ಕಣ್ಣು ಬಿಟ್ಟು ನೋಡು’ ಎಂದು ಗೋವಿಂದ. ‘ಚೆಂದ ಯಾರು ಕೇಳಿದ್ರು? ಮೂತಿ ಎರಡು ಮಿಲಿಮೀಟರ್ ದಪ್ಪ ಇದೆ’ ಎಂದು ಶೇಷಪ್ಪ. ಜಗಳ ಜೋರಾಗಿ ಕಾಫಿ ತಣ್ಣಗಾಗುವುದು. ಒಳಗಿನಿಂದ ಹುಲಿಗೆಮ್ಮ, ‘ಎರಡು ಎತ್ತು ತಂದಿದ್ರೂ ಇಷ್ಟು ಹಲ್ಲು ಹಿಡಿದು ನೋಡ್ತಿರ್ಲಿಲ್ಲ ನೋಡಿ’ ಎಂದು ಕೂಗುವರು. ಆ ಮನೆಯಲ್ಲಿ ಅದಕ್ಕಿಂತ ಸುಖದ ಹೊತ್ತು ಇನ್ನೊಂದಿರಲಿಲ್ಲ.

ಮಗಳು ಮೈತ್ರಿ ಓದು ಮುಗಿಸಿ ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರಾದಳು. ಮೊದಲ ಸಂಬಳದಲ್ಲಿ ಬೆಂಗಳೂರಿನಿಂದ ಅಪ್ಪನಿಗೊಂದು ವಿಮಾನ ತರಿಸಿದಳು. ನಮ್ಮ ವಾಯುಪಡೆಯವರು ಗಜರಾಜ ಎಂದು ಹೆಸರಿಟ್ಟಿರುವ ದೊಡ್ಡ ಸಾಗಣೆ ವಿಮಾನ. ಸೈನಿಕರು, ಜೀಪು, ಅಕ್ಕಿಮೂಟೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಹಾರುವಂಥದು. ಅಳತೆ ಬೇರೆ, ಹಾಗಾಗಿ ಸಾಲಿಗೆ ಸೇರುವ ಹಾಗಿರಲಿಲ್ಲ. ಆದರೂ ಒಂದಡಿ ಉದ್ದದ ಆ ಗಜರಾಜ ಟೀವಿಯ ಮೇಲೆ ರಾಜನ ಹಾಗೆ ಕೂತಿತು. ಶೇಷಪ್ಪ ಅದನ್ನೂ ಅಳೆಯದೆ ಬಿಟ್ಟಿರಲಿಲ್ಲ. ದೇವರು ದೊಡ್ಡವನು, ಅಳತೆ ಸರಿ ಬಂತು. ಬಾರದಿದ್ದರೆ ಮಗಳ ಉಡುಗೊರೆಗೂ ಕೆಂಪು ಪೆನ್ನು ಎತ್ತುವ ಆಸಾಮಿಯೇ ಅವರು. ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಅದರ ಬೆನ್ನು ಒರೆಸಿಯೇ ಡ್ಯೂಟಿಗೆ ಹೋಗುತ್ತಿದ್ದರು.

ಇಷ್ಟೆಲ್ಲ ಇದ್ದೂ ಶೋಕೇಸಿನ ಮೇಲಿನ ಹಲಗೆಯ ನಟ್ಟನಡುವೆ ಒಂದು ಜಾಗ ಖಾಲಿ. ಮುಂದೆ ಕಾರ್ಡು ಮಾತ್ರ ಇತ್ತು: ಮಾರುತ.

ಮಾರುತ ಬೆಂಗಳೂರಿನಲ್ಲೇ ಹುಟ್ಟಿದ ಯುದ್ಧವಿಮಾನ. ಎಪ್ಪತ್ತಮೂರನೇ ಇಸವಿಯಲ್ಲಿ ಟ್ರೈನಿಂಗಿಗೆಂದು ಆರು ವಾರ ಬೆಂಗಳೂರಿಗೆ ಹೋಗಿದ್ದ ಹುಡುಗ ಶೇಷಪ್ಪ, ಒಂದು ಮಧ್ಯಾಹ್ನ ವರ್ಕ್‌ಶಾಪಿನ ಹೊರಗೆ ಬುತ್ತಿ ಬಿಚ್ಚಿದ್ದರು. ತಲೆಯ ಮೇಲೆಯೇ ಸದ್ದಾಯಿತು. ಉದ್ದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಸಣ್ಣಗೆ ಒಳಹೋದ ನಡು. ಪಕ್ಕದಲ್ಲಿದ್ದವನು, ‘ಇದು ನಮ್ಮವರೇ ಮಾಡಿದ್ದು ಕಣೋ, ನಮ್ಮ ಥರದ ಫಿಟ್ಟರುಗಳು, ಟರ್ನರುಗಳು’ ಎಂದ. ಶೇಷಪ್ಪ ಕತ್ತೆತ್ತಿ ಅದು ಮರೆಯಾಗುವವರೆಗೂ ನೋಡಿದರು. ಎದುರಿಗಿದ್ದ ಅನ್ನ ಮರೆತೇಹೋಯಿತು. ಆಮೇಲೆ ಸರ್ಕಾರ ಆ ವಿಮಾನಗಳನ್ನು ಹಾರಾಟದಿಂದ ತೆಗೆಯಿತು. ಜಗತ್ತಿನ ಯಾವ ಕಂಪನಿಗೂ ಅದರ ಮಾದರಿ ಎರಕ ಹೊಯ್ಯುವ ಮನಸ್ಸು ಬರಲಿಲ್ಲ, ಬಂದಿದ್ದರೂ ಅದು ಶೇಷಪ್ಪನವರೆಗೆ ಮುಟ್ಟಲಿಲ್ಲ. ಹದಿಮೂರು ಪೊಂಗಲ್‌ನಲ್ಲೂ ಗೋವಿಂದ ಬರಿಗೈ ಆಡಿಸಿ, ‘ಮಾರುತ ಇಲ್ಲವೇ ಇಲ್ಲ ಸಾಮಿ’ ಎಂದ. ನೆಂಟರು ಬಂದು ಆ ಖಾಲಿ ಜಾಗದಲ್ಲಿ ಕಾಫಿ ಲೋಟ ಇಟ್ಟರೆ ಶೇಷಪ್ಪನ ಮುಖ ಕೆಂಪಗಾಗುತ್ತಿತ್ತು. ಇನ್ನು ನಾಲ್ಕು ವರ್ಷಕ್ಕೆ ರಿಟೈರ್‌ಮೆಂಟು. ಅಷ್ಟರೊಳಗೆ ಆ ಜಾಗ ತುಂಬಬೇಕು, ಅದೊಂದೇ ಆಸೆ.

ಎರಡು ಸಾವಿರದ ಮೂರರ ನವರಾತ್ರಿ. ಮೈತ್ರಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದ ಯಜ್ಞನಾರಾಯಣ ಮೇಷ್ಟ್ರು ರಿಟೈರಾಗಿ ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಮಾಡಿದ್ದರು. ‘ಗೊಂಬೆ ಕೂರಿಸಿದೀವಿ, ಅಪ್ಪ ಅಮ್ಮನ್ನ ಕರ್ಕೊಂಡು ಬಾ’ ಎಂದು ಅವಳನ್ನು ಕರೆದಿದ್ದರು. ‘ಗೊಂಬೆ ನೋಡೋಕೆ ಗಂಡಸರಿಗೇನು ಕೆಲಸ?’ ಎಂದು ಶೇಷಪ್ಪ ಗೊಣಗಿದರೂ ಹುಲಿಗೆಮ್ಮ ಬಿಡಲಿಲ್ಲ. ಮೂವರೂ ಸಂಜೆಯ ಬಸ್ಸು ಹತ್ತಿದರು.

ಮೇಷ್ಟ್ರ ಹೆಂಡತಿ ವೇದಾವತಿ ಬಾಯ್ತುಂಬ ಮಾತಾಡಿಸಿ, ಕಡಲೆ ಉಸಲಿ ಕೈಗಿತ್ತು ಕೂರಿಸಿದರು. ಎದುರಿಗೆ ಏಳು ಮೆಟ್ಟಿಲು. ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟರ ಅಂಗಡಿ. ಹುಲಿಗೆಮ್ಮ ಒಂದೊಂದನ್ನೇ ನೋಡುತ್ತ ‘ಅಬ್ಬಬ್ಬಾ’ ಎನ್ನುತ್ತಿದ್ದರು. ಐದನೇ ಮೆಟ್ಟಿಲಿನಲ್ಲಿ ಪುಷ್ಪಕ ವಿಮಾನ. ಮೈಯೆಲ್ಲ ಚಿನ್ನದ ಬಣ್ಣ, ಅಂಚಿಗೆ ಕುಂಕುಮದ ಕೆಂಪು. ಬೆನ್ನ ಮೇಲೆ ಬೆರಳುದ್ದದ ರಾಮ ಸೀತೆ, ಬಲರೆಕ್ಕೆಯಲ್ಲಿ ಲಕ್ಷ್ಮಣ, ಎಡರೆಕ್ಕೆಯಲ್ಲಿ ಹನುಮಂತ. ಎಲ್ಲರನ್ನೂ ಮೇಣದಿಂದ ಅಂಟಿಸಿದ್ದರು.

ಶೇಷಪ್ಪನ ಬಾಯಿಗೆ ಹೋಗುತ್ತಿದ್ದ ಉಸಲಿ ಅರ್ಧದಲ್ಲೇ ನಿಂತಿತು. ಉದ್ದ ಮೂತಿ. ಹಿಂದಕ್ಕೆ ಬಾಗಿದ ರೆಕ್ಕೆ. ಸಣ್ಣಗೆ ಒಳಹೋದ ನಡು. ರಾಮದೇವರ ಪಾದದಡಿಯಲ್ಲಿ ಮಾರುತ ನಿಂತಿದೆ!

ಮುಂದೆ ನಡೆದದ್ದಕ್ಕೆ ಮೂವತ್ತೊಂದು ವರ್ಷದ ನೌಕರಿಯನ್ನೇ ದೂರಬೇಕು. ಕಣ್ಣಿಗೊಂದು ಸಾಮಾನು ಬಿದ್ದರೆ ಎತ್ತಿ ಅಳೆಯುವುದು ಆ ಕೈಗೆ ಅಭ್ಯಾಸ. ಶೇಷಪ್ಪ ಎದ್ದರು, ಎರಡು ಹೆಜ್ಜೆ ಇಟ್ಟರು, ಎಡಗೈಯಿಂದ ಪುಷ್ಪಕವನ್ನು ಎತ್ತಿದರು, ಬಲಗೈಯಿಂದ ಜೇಬಿನ ವರ್ನಿಯರ್ ತೆಗೆದರು. ಮೇಣ ಬಿಟ್ಟುಕೊಂಡಿತು. ರಾಮ ಸೀತೆ ಕೆಳಗಿನ ಮದುವೆ ದಿಬ್ಬಣದ ಮೇಲೆ ಬಿದ್ದರು. ಲಕ್ಷ್ಮಣ ಶೆಟ್ಟರ ಅಂಗಡಿಯ ಅಕ್ಕಿರಾಶಿಗೆ ಹೋಗಿ ಕೂತ. ಹನುಮಂತ ಉರುಳಿಕೊಂಡು ಸೋಫಾದ ಕೆಳಗೆ ಸೇರಿದ.

‘ಅಯ್ಯೋ, ಅಯ್ಯೋ! ಕೂರಿಸಿದ ಗೊಂಬೆ ವಿಜಯದಶಮಿವರೆಗೆ ಕದಲಿಸಬಾರ್ದು!’ ಎಂದು ವೇದಾವತಿ ಎದೆ ಹಿಡಿದುಕೊಂಡರು. ಹುಲಿಗೆಮ್ಮ ನೆಲಕ್ಕೆ ಇಳಿದು ಹೋಗುವುದೊಂದು ಬಾಕಿ. ಮೇಷ್ಟ್ರು ಮಾತ್ರ ಮೊಣಕಾಲೂರಿ ಸೋಫಾದ ಕೆಳಗೆ ಕೈ ಹಾಕಿ, ‘ಹನುಮಂತ ಸಿಕ್ಕಿದ. ಬಾಲ ಸರಿಯಾಗಿದೆ’ ಎಂದು ವರದಿ ಒಪ್ಪಿಸಿದರು.

ಶೇಷಪ್ಪನಿಗೆ ಇದ್ಯಾವುದೂ ಕೇಳಿಸಿಯೇ ಇರಲಿಲ್ಲ. ‘ಅಮ್ಮಾ, ಇದು ಮಾರುತ ಕಣಮ್ಮಾ! ಎಪ್ಪತ್ತೆರಡರ ಅಳತೆ! ಎಲ್ಲಿಂದ ಬಂತು ನಿಮಗೆ?’ ಎಂದು ಕೂಗಿದರು. ಮೈತ್ರಿ ಅಪ್ಪನ ಕೈಯಿಂದ ವಿಮಾನ ಬಿಡಿಸಿ ಮೊದಲಿದ್ದಲ್ಲೇ ಇಟ್ಟಳು.

ಸ್ವಲ್ಪ ಸಮಾಧಾನವಾದ ಮೇಲೆ ವೇದಾವತಿ ಹೇಳಿದರು. ಅವರ ಅಣ್ಣ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಮರಗೆಲಸದ ಶಾಪಿನಲ್ಲಿದ್ದರು. ತಂಗಿಯ ಮದುವೆಯಾದ ಮೊದಲ ನವರಾತ್ರಿಗೆ ತವರಿನಿಂದ ಗೊಂಬೆ ಕೊಡಬೇಕಲ್ಲ, ಸಾಗುವಾನಿಯ ತುಂಡಿನಲ್ಲಿ ತನ್ನ ಕಾರ್ಖಾನೆಯ ವಿಮಾನವನ್ನೇ ಕೆತ್ತಿ ತಂದುಕೊಟ್ಟರು. ಆರಡಿಗೆ ಒಂದಿಂಚಿನ ಲೆಕ್ಕವಂತೆ. ‘ದೇವರ ಮಧ್ಯೆ ಇದೆಂಥಾ ಹದ್ದು?’ ಎಂದು ಅತ್ತೆ ಮುಖ ತಿರುಗಿಸಿದರು. ಅಣ್ಣ ಕೊಟ್ಟದ್ದನ್ನು ಮೆಟ್ಟಿಲಿಂದ ಇಳಿಸಲು ಹೊಸ ಸೊಸೆಗೆ ಮನಸ್ಸಿಲ್ಲ. ಕೊನೆಗೆ ಚಿನ್ನದ ಬಣ್ಣ ಬಳಿದು, ರಾಮನನ್ನು ಹತ್ತಿಸಿ, ಪುಷ್ಪಕ ಎಂದರು. ಅತ್ತೆ ಕೈ ಮುಗಿದರು. ಅವತ್ತಿನಿಂದ ಮೂವತ್ತನಾಲ್ಕು ವರ್ಷ ಅದು ಪುಷ್ಪಕವೇ. ‘ಅಣ್ಣ ಹೋಗಿ ಹದಿನೈದು ವರ್ಷ ಆಯ್ತು. ನನ್ನ ಹತ್ರ ಅವನದು ಅಂತ ಇರೋದು ಇದೊಂದೇ’ ಎಂದರು.

ಇಷ್ಟು ಕೇಳಿದ ಮೇಲೆ ಯಾರಾದರೂ ಬಾಯಿ ಮುಚ್ಚಿಕೊಂಡು ಏಳುತ್ತಾರೆ. ಶೇಷಪ್ಪ, ‘ಅಮ್ಮಾ, ಇದನ್ನ ನನಗೆ ಕೊಡ್ತೀರಾ?’ ಎಂದರು. ಹುಲಿಗೆಮ್ಮ ಚಿವುಟಿದ್ದು ತಡವಾಯಿತು. ವೇದಾವತಿಯ ಮುಖ ಬಾಡಿತು. ‘ತವರಿನ ಗೊಂಬೆ ಯಾರಾದ್ರೂ ಕೊಡ್ತಾರೇನ್ರಿ?’ ಎಂದು ಒಳಗೆ ಹೋಗಿ, ತಾಂಬೂಲದ ತಟ್ಟೆ ತಂದು ಹುಲಿಗೆಮ್ಮನಿಗೆ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ಹುಲಿಗೆಮ್ಮನ ಮಾತು ಭದ್ರಾವತಿ ಮುಟ್ಟುವವರೆಗೂ ನಿಲ್ಲಲಿಲ್ಲ. ‘ಕರೆದ ಮನೆಗೆ ಹೋಗಿ ದೇವರನ್ನ ಬೀಳಿಸಿ ಬಂದ್ರಲ್ಲ! ಮೇಲಿಂದ ಗೊಂಬೆ ಬೇರೆ ಕೇಳ್ತೀರಾ! ನಾಚಿಕೆ ಅನ್ನೋದನ್ನ ಅಳೆಯೋ ಯಂತ್ರ ಇದ್ರೆ ತಗೊಳ್ಳಿ ಮೊದ್ಲು.’ ಶೇಷಪ್ಪನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಆ ಅಮ್ಮನ ಬಾಡಿದ ಮುಖ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಮಾರುತವೂ ಹೋಗುತ್ತಿರಲಿಲ್ಲ, ಅದು ಇನ್ನೊಂದು ಕಷ್ಟ. ಎರಡು ದಿನ ಶೋಕೇಸಿನ ಕಡೆ ತಿರುಗಿಯೂ ನೋಡಲಿಲ್ಲ, ಗಜರಾಜನ ಬೆನ್ನೂ ಒರೆಸಲಿಲ್ಲ.

‘ಸುಮ್ನೆ ಕೂತ್ರೆ ಏನಾಗುತ್ತೆ?’ ಎಂದರು ಹುಲಿಗೆಮ್ಮ, ಮೂರನೇ ದಿನ, ಅವರಿಗೂ ನೋಡಿ ನೋಡಿ ಬೇಜಾರಾಗಿ. ‘ಗೊಂಬೆ ಕೂರಿಸೋ ಮನೇಲಿ ವರ್ಷಕ್ಕೊಂದು ಹೊಸ ಗೊಂಬೆ ಸೇರಿಸ್ತಾರಂತೆ. ಒಂದು ಒಳ್ಳೇದು ತಗೊಂಡು ಹೋಗಿ ಕೊಟ್ಟು, ತಪ್ಪಾಯ್ತು ಅಂತ ಹೇಳಿ ಬನ್ನಿ.’

ಶೇಷಪ್ಪ ಮಗಳನ್ನು ಕರೆದುಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರು. ಆಗಬೇಕಾದದ್ದೇ ಆಯಿತು. ಕೃಷ್ಣನ ಎರಡು ಕಣ್ಣಿನ ನಡುವೆ ಅಂತರ ಜಾಸ್ತಿ. ಸರಸ್ವತಿಯ ವೀಣೆ ಸೊಟ್ಟ. ಆನೆಯ ಮುಂಗಾಲು ಒಂದು ಗಿಡ್ಡ. ನಾಲ್ಕನೇ ಅಂಗಡಿಯವನು, ‘ಕ್ಯಾ ಸಾಬ್, ಗೊಂಬೆ ತಗೊಳ್ಳೋಕೆ ಬಂದ್ರೋ, ರೇಡ್ ಮಾಡೋಕೆ ಬಂದ್ರೋ?’ ಎಂದು ಕೇಳಿದ. ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ಕೂತಾಗ ಮೈತ್ರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಕೇಳಿದಳು:

‘ಅಪ್ಪಾ, ಕಾರ್ಖಾನೇಲಿ ಸಾಮಾನು ಫೇಲಾದ್ರೆ ಯಾಕೆ ಅಂತ ಬರೀತೀರಲ್ವಾ? ರಾಮ ಯಾಕೆ ಬಿದ್ದ, ಹೇಳಿ.’

‘ಕೂರೋಕೆ ಜಾಗ ಎಲ್ಲಿದೆ? ಉರುಟು ಬೆನ್ನು. ಅದು ಒಬ್ಬನೋ ಇಬ್ಬರೋ ಕೂತು ಬಾಂಬು ಹಾಕಿ ಬರೋ ವಿಮಾನ. ಅದರ ಮೇಲೆ ಸಂಸಾರ ಹತ್ತಿಸಿದ್ರೆ ಬೀಳದೆ ಇನ್ನೇನು? ಸಂಸಾರ ಹತ್ತಬೇಕು ಅಂದ್ರೆ ಬೆನ್ನು ಅಗಲ ಇರ್ಬೇಕು, ಹೊಟ್ಟೆ ದೊಡ್ಡದಿರ್ಬೇಕು...’

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

‘ಅದು ನಿನ್ನ ಮೊದಲ ಸಂಬಳದ್ದು ಕಣಮ್ಮಾ’ ಎಂದರು.

‘ನಾನು ಕೊಟ್ಟಿದ್ದು ನಿಮಗೆ. ನಿಮ್ಮದನ್ನ ನೀವು ಯಾರಿಗಾದ್ರೂ ಕೊಡಿ’ ಎಂದಳು ಮೈತ್ರಿ. ಸ್ವಲ್ಪ ಬೇಸರವಿತ್ತು, ಆದರೂ ಖುಷಿಯಿಂದಲೇ ಅಂದಳು.

ಆಯುಧಪೂಜೆಯ ದಿನ ವರ್ನಿಯರ್‌ಗೆ, ಸ್ಕೂಟರಿಗೆ ಕುಂಕುಮ ಇಟ್ಟು ಮುಗಿಸಿದ ಮೇಲೆ ಶೇಷಪ್ಪ ಗಜರಾಜನ ಬೆನ್ನನ್ನು ಕೊನೆಯ ಸಲ ಒರೆಸಿ, ಡಬ್ಬಿಯಲ್ಲಿಟ್ಟರು. ಮೂವರೂ ರವೀಂದ್ರನಗರಕ್ಕೆ ಹೊರಟರು. ಹುಲಿಗೆಮ್ಮನಿಗೆ ಗಂಡನ ಮೇಲೆ ನಂಬಿಕೆಯಿಲ್ಲ, ಅದಕ್ಕೇ ಜೊತೆಗೆ ಬಂದದ್ದು. ಬದಲಿಗೆ ಮಾರುತ ಕೊಟ್ಟಾರು ಎಂಬ ಆಸೆ ಶೇಷಪ್ಪನಿಗೆ ಚೂರೂ ಇರಲಿಲ್ಲ ಎಂದರೆ ಅದು ಸುಳ್ಳು. ಇತ್ತು. ಆದರೆ ಆ ಮಾತು ಬಾಯಿಂದ ಬರಬಾರದೆಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕೂತಿದ್ದರು.

ಮೇಷ್ಟ್ರ ಮನೆಯಲ್ಲಿ ರಾಮ ಸೀತೆ ಲಕ್ಷ್ಮಣ ಹನುಮಂತರು ಐದನೇ ಮೆಟ್ಟಿಲಿನ ಮೇಲೆ ವಿಮಾನದ ಪಕ್ಕದಲ್ಲಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಮೇಣ ಒಡೆದದ್ದರಿಂದ ಮತ್ತೆ ಹತ್ತಿಸಲಾಗಿರಲಿಲ್ಲ. ಶೇಷಪ್ಪ ಕೈಕಟ್ಟಿ ದೂರದಲ್ಲೇ ನಿಂತರು. ‘ಅವತ್ತು ತಪ್ಪಾಯ್ತಮ್ಮಾ. ಗೊಂಬೆ ಸಾಲಿಗೆ ಇದೊಂದು ಸೇರಿಸ್ಕೊಳ್ಳಿ. ಇದು ಸಂಸಾರ ಹತ್ತೋ ವಿಮಾನ, ರಾಮದೇವರು ಬೀಳಲ್ಲ’ ಎಂದು ಡಬ್ಬಿ ಬಿಚ್ಚಿದರು.

ವೇದಾವತಿಗಿಂತ ಮೊದಲು ಮೇಷ್ಟ್ರಿಗೆ ಹುರುಪು ಬಂತು. ಕನ್ನಡಕ ಏರಿಸಿ ಎರಡು ವಿಮಾನಗಳನ್ನೂ ಬಗ್ಗಿ ಬಗ್ಗಿ ನೋಡಿದರು. ಮಾರುತದ ಬೆನ್ನು ನೋಡಿದರು, ಗಜರಾಜನ ಬೆನ್ನು ನೋಡಿದರು. ‘ವೇದಾ, ಮೂವತ್ತನಾಲ್ಕು ವರ್ಷದಿಂದ ನಾವು ತಪ್ಪು ಮಾಡಿದೀವಿ ಕಣೇ’ ಎಂದು ಘೋಷಿಸಿದರು. ‘ಪುಷ್ಪಕದಲ್ಲಿ ಎಷ್ಟು ಜನ ಕೂತ್ರೂ ಇನ್ನೊಬ್ಬರಿಗೆ ಜಾಗ ಇರ್ತಿತ್ತು. ಇಡೀ ಕಪಿಸೈನ್ಯವೇ ಅದರಲ್ಲಿ ಅಯೋಧ್ಯೆಗೆ ಬಂತು. ಅದೂ ಅಲ್ದೆ ಯುದ್ಧ ಮುಗಿದ್ಮೇಲೆ ಹೆಂಡ್ತಿ ಕರ್ಕೊಂಡು ಊರಿಗೆ ಬರೋನು ಯುದ್ಧವಿಮಾನದಲ್ಲಿ ಯಾಕೆ ಬರ್ತಾನೆ? ಶೇಷಪ್ಪನೋರು ತಂದದ್ದೇ ಪುಷ್ಪಕ!’

‘ಕೂರಿಸಿದ್ದನ್ನ ಕದಲಿಸಬಾರ್ದಲ್ಲ’ ಎಂದರು ವೇದಾವತಿ, ನಗು ತಡೆಯುತ್ತ.

‘ಅವರು ಅವತ್ತೇ ಇಳಿದಿದಾರೆ. ಇಳಿದೋರು ಹತ್ತಬಹುದು. ಶಾಸ್ತ್ರದಲ್ಲಿ ಅದಕ್ಕೆ ಅಡ್ಡಿಯಿಲ್ಲ.’

ಗಜರಾಜ ಐದನೇ ಮೆಟ್ಟಿಲೇರಿತು. ರಾಮ ಸೀತೆ ಹತ್ತಿದರು, ತಮ್ಮ ಹತ್ತಿದ, ಹನುಮಂತ ಹತ್ತಿದ. ಇನ್ನೂ ಜಾಗ ಉಳಿಯಿತು. ಜಾಗವಿಲ್ಲವೆಂದು ಪ್ರತಿ ವರ್ಷ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದ ಸುಗ್ರೀವ, ವಿಭೀಷಣರನ್ನು ವೇದಾವತಿ ಓಡಿಹೋಗಿ ತಂದು ಕೂರಿಸಿದರು. ಯಾರೂ ಬೀಳಲಿಲ್ಲ. ಮೈತ್ರಿ ಚಪ್ಪಾಳೆ ತಟ್ಟಿದಳು. ಆ ಗಲಾಟೆಯ ಮಧ್ಯೆ ವೇದಾವತಿಯ ಕಣ್ಣು ಪಕ್ಕದ ಖಾಲಿ ಮಾರುತದ ಮೇಲೆ ಬಿತ್ತು. ಮೇಲೆ ಯಾರೂ ಇಲ್ಲದೆ, ಮೂತಿ ಎತ್ತಿ, ಹಾರಲು ನಿಂತ ಹಾಗಿತ್ತು.

‘ನಮ್ಮಣ್ಣ ಇದನ್ನ ಹೀಗೇ ತಂದ್ಕೊಟ್ಟಿದ್ದ’ ಎಂದರು ಮೆಲ್ಲಗೆ. ‘ಹೀಗೆ ನೋಡಿ ಎಷ್ಟು ಕಾಲ ಆಗಿತ್ತು.’ ಆಮೇಲೆ ತಿರುಗಿ, ‘ನಾಳೆ ವಿಜಯದಶಮಿ. ಸಂಜೆ ಗಂಡ ಹೆಂಡತಿ ಇಬ್ಬರೂ ಬನ್ನಿ, ತಪ್ಪಿಸಬೇಡಿ’ ಎಂದರು.

ಮಾರನೇ ದಿನ ಆರತಿಯಾದ ಮೇಲೆ ವೇದಾವತಿ ಹುಲಿಗೆಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬಳೆ, ಕುಪ್ಪಸದ ಬಟ್ಟೆ ಹಾಕಿದರು. ಅದರ ಮೇಲೆ ಮಾರುತವನ್ನು ಇಟ್ಟರು. ‘ಗೊಂಬೆ ಅಂತ ಕೊಡ್ತಿಲ್ಲ, ಮಗಳು ಅಂತ ಕೊಡ್ತಿದೀನಿ’ ಎಂದರು. ‘ಅತ್ತೆಯವರ ಕಣ್ಣಿಗೆ ಚೆಂದ ಕಂಡ ಬಣ್ಣ ಇದು, ಕೆರೆದು ತೆಗೀಬೇಡಿ. ಪ್ರತಿ ನವರಾತ್ರಿಗೆ ತವರಿಗೆ ಕಳಿಸಬೇಕು. ಇವೆರಡ್ಕೆ ಒಪ್ಪಿದ್ರೆ ಕರ್ಕೊಂಡು ಹೋಗಿ.’ ಹುಲಿಗೆಮ್ಮನ ಕಣ್ಣಲ್ಲಿ ನೀರು. ಶೇಷಪ್ಪ ‘ಹೂಂ ಅಮ್ಮಾ, ಹೂಂ’ ಎಂದು ಹತ್ತು ಸಲ ತಲೆ ಆಡಿಸಿದರು.

ಮನೆಗೆ ಬಂದು ಮಾರುತಕ್ಕೆ ಆರತಿ ಎತ್ತಿ ಒಳಗೆ ಕರೆದುಕೊಂಡದ್ದೂ ಆಯಿತು. ಮುಂದಿನ ಭಾನುವಾರ ಗೋವಿಂದ ಎದುರಿಗೆ ಕೂತ. ಟವೆಲ್ ಹಾಸಿದ್ದಾಯಿತು. ಬೂದು, ಹಸಿರು ವಿಮಾನಗಳ ನಡುವೆ ಚಿನ್ನದ ಬಣ್ಣದ, ಮೂಗಿಗೆ ಕುಂಕುಮ ಇಟ್ಟ ಮಾರುತ, ಧಾರೆ ಸೀರೆಯುಟ್ಟ ಮದುಮಗಳೇ ಸರಿ. ಶೇಷಪ್ಪ ಉದ್ದ ಅಳೆದರು: ಇಪ್ಪತ್ತೆರಡು ಸೆಂಟಿಮೀಟರ್, ಸರಿ. ಬಲರೆಕ್ಕೆ ಅಳೆದರು: ಅರವತ್ತೆರಡೂವರೆ ಮಿಲಿಮೀಟರ್, ಸರಿ. ಎಡರೆಕ್ಕೆ ಅಳೆದರು. ಅರವತ್ತೂವರೆ.

ಇನ್ನೊಮ್ಮೆ ಅಳೆದರು. ಕನ್ನಡಕ ಒರೆಸಿ ಮೂರನೇ ಸಲ ಅಳೆದರು. ಎರಡು ಮಿಲಿಮೀಟರ್ ಪೂರ್ತಿ ಕಮ್ಮಿ. ಗೋವಿಂದನ ಮಿಗ್ ಇದೇ ಎರಡು ಮಿಲಿಮೀಟರಿಗೆ ಕಾಲಡಿಯ ಹಲಗೆ ಸೇರಿತ್ತು. ಶೇಷಪ್ಪ ವರ್ನಿಯರ್ ಕೆಳಗಿಟ್ಟು ಎಡರೆಕ್ಕೆಯ ಅಂಚಿನ ಮೇಲೆ ಬೆರಳಾಡಿಸಿದರು. ಕಾರ್ಖಾನೆಯ ಕೆಲಸ ಮುಗಿಸಿ ಬಂದು, ಸಾಗುವಾನಿಯ ತುಂಡು ತೊಡೆಯ ಮೇಲಿಟ್ಟುಕೊಂಡು, ತಂಗಿಯ ಹಬ್ಬಕ್ಕೆ ದಿನ ಎಣಿಸುತ್ತ ಉಳಿ ಆಡಿಸಿದ ಒಬ್ಬ ಮನುಷ್ಯ ಅವರ ಕಣ್ಣ ಮುಂದೆ ಬಂದು ನಿಂತಿದ್ದ.

‘ಏನಂತೆ ನಿಮ್ಮ ಅಳತೆ?’ ಎಂದು ಹುಲಿಗೆಮ್ಮ ಬಾಗಿಲಲ್ಲಿ ನಿಂತು ಕೇಳಿದರು.

‘ಸರಿ ಇದೆ’ ಎಂದರು ಶೇಷಪ್ಪ. ಹಸಿರು ಪೆನ್ನು ತೆಗೆದುಕೊಂಡು, ಹದಿಮೂರು ವರ್ಷ ಖಾಲಿ ನಿಂತಿದ್ದ ಕಾರ್ಡಿನಲ್ಲಿ ಬಲರೆಕ್ಕೆ ಅರವತ್ತೆರಡೂವರೆ, ಎಡರೆಕ್ಕೆ ಅರವತ್ತೆರಡೂವರೆ ಎಂದು ಬರೆದರು. ಕೊನೆಗೆ ಪಾಸ್ ಎಂದು ಬರೆದು ಸಹಿ ಹಾಕಿದರು. ಬಗ್ಗಿ ನೋಡುತ್ತಿದ್ದ ಗೋವಿಂದ ವರ್ನಿಯರ್ ನೋಡಿದ, ಕಾರ್ಡು ನೋಡಿದ, ಬಾಯಿ ತೆರೆದ. ಶೇಷಪ್ಪ ಎದ್ದುಹೋಗಿ ಕಾಲಡಿಯ ಹಲಗೆಯಿಂದ ಅವನ ಮಿಗ್ಗನ್ನು ತೆಗೆದು, ಧೂಳು ಒರೆಸಿ, ಮಾರುತದ ಪಕ್ಕದಲ್ಲಿ ನಿಲ್ಲಿಸಿದರು. ಗೋವಿಂದ ತೆರೆದ ಬಾಯಿ ಮುಚ್ಚಿಕೊಂಡು, ತಣ್ಣಗಾದ ಕಾಫಿಯನ್ನು ಖುಷಿಯಿಂದ ಕುಡಿದ.

ಮರುವರ್ಷದ ನವರಾತ್ರಿಗೆ ಮಾರುತ ತವರಿಗೆ ಹೊರಟಿತು. ಹುಲಿಗೆಮ್ಮ ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಹೂ ಮುಡಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರು. ರವೀಂದ್ರನಗರದಲ್ಲಿ ವೇದಾವತಿ ಬಾಗಿಲಿಗೇ ಬಂದು ಕಾಯುತ್ತಿದ್ದರು. ಬಟ್ಟೆ ಬಿಡಿಸಿ, ಮೈಯೆಲ್ಲ ಸವರಿ ನೋಡಿದರು. ಜೊತೆಯಲ್ಲಿ ಬಂದಿದ್ದ ಕಾರ್ಡನ್ನು ಕನ್ನಡಕ ಹಾಕಿಕೊಂಡು ಸಾವಕಾಶವಾಗಿ ಓದಿದರು. ಎಡರೆಕ್ಕೆಯ ಸಾಲಿಗೆ ಬಂದಾಗ ನಿಂತರು. ಇನ್ನೊಮ್ಮೆ ಓದಿದರು. ಆಮೇಲೆ ಶೇಷಪ್ಪನ ಮುಖವನ್ನೇ ನೋಡಿದರು.

‘ಕೊಡೋವಾಗ ನಮ್ಮಣ್ಣ ಕಿವಿಯಲ್ಲಿ ಹೇಳಿದ್ದ’ ಎಂದರು. ‘“ಉಳಿ ಜಾರಿ ಎಡರೆಕ್ಕೆ ಒಂಚೂರು ಚಿಕ್ಕದಾಯ್ತು ವೇದಾ, ಬಿಡು, ಯಾರಿಗೂ ಗೊತ್ತಾಗಲ್ಲ” ಅಂತ.’

ವರ್ನಿಯರ್ ಶೇಷಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡು ನಕ್ಕರು.

‘ನನಗೂ ಗೊತ್ತಾಗ್ಲಿಲ್ಲಮ್ಮಾ’ ಎಂದರು.